ಹಿಮಾಲಯದ ಚಾರಣವೂ ಮಾರ್ಗದರ್ಶಕನ ಸ್ಥಾನವೂ

ಹಿಮಾಲಯದ ದುರ್ಗಮ ಪ್ರದೇಶಗಳಲ್ಲಿ ಮಾರ್ಗದರ್ಶಕರ ನೆರವಿನಿಂದ ಕಾಲ್ನಡೆಯಾಗಿ ಸಂಚರಿಸುವ ಪದ್ಧತಿಯು, ಅಂದರೆ ಈಗ ಚಾರಣವೆಂದು ಕರೆಯಲ್ಪಡುವ ವ್ಯವಸ್ಥೆಯು, 1964-65ರಲ್ಲಿ ನೇಪಾಳದ ಕಠ್ಮಂಡು ನಗರದಲ್ಲಿ ಹುಟ್ಟಿತೆಂದು ಸಾಮಾನ್ಯವಾಗಿ ಹೇಳುವುದುಂಟು. ಗೂರ್ಖಾ ಪಡೆಯಲ್ಲಿ ಅಧಿಕಾರಿಯಾಗಿದ್ದು, 1958ರಿಂದ ಕಠ್ಮಂಡುವಿನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಸೈನಿಕ ಪ್ರತಿನಿಧಿಯಾಗಿ ಕೆಲಸಮಾಡಿದ ಕರ್ನಲ್ ಜೇಮ್ಸ್ ರಾಬರ್ಟ್ಸ್ ಎಂಬಾತನು 1964ರಲ್ಲಿ ‘ಮೌಂಟನ್ ಟ್ರಾವೆಲ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಮರುವರ್ಷದ ವಸಂತದಲ್ಲಿ ಮೂವರು ಅಮೆರಿಕನ್ ಮಹಿಳೆಯರನ್ನು ಎವರೆಸ್ಟ್ ಪ್ರಾಂತದ ಕಡೆಗೆ ಕರೆದೊಯ್ದನು. ಈ ಸಂಗತಿಗಳಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೆ ಒಂದು ಸಂಸ್ಥೆಯ ಸ್ಥಾಪನೆಯನ್ನೇ ಒಂದು ಪದ್ಧತಿಯ ಜನನವೆಂದು ಎಣಿಸುವುದು ಇತಿಹಾಸಬರಹದಲ್ಲಿ ಪದೇ ಪದೇ ನುಸುಳುವ ಪ್ರಮಾದ. ಸಂಸ್ಥೆಗೆ ದಾಖಲೆಯುಂಟು, ದಿನಾಂಕವುಂಟು. ಪದ್ಧತಿಗೆ ಅವೆರಡೂ ಅಷ್ಟು ಸುಲಭವಾಗಿ ದೊರೆಯುವುದಿಲ್ಲ.

ಪ್ರಸ್ತುತ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವುದು ಎರಡು ಅಂಶಗಳನ್ನು. ರಾಬರ್ಟ್ಸನು ಮಾರಾಟಕ್ಕಿಟ್ಟ ಈ ವ್ಯವಸ್ಥೆಯ ಅಂಗಗಳು ಎಲ್ಲಿಂದ ಬಂದುವು ಎಂಬುದು ಮೊದಲನೆಯದು. ಇಡೀ ವ್ಯವಸ್ಥೆ ಯಾವನ ಅರಿವಿನ ಮೇಲೆ ನಿಂತಿದೆಯೋ ಆ ಮಾರ್ಗದರ್ಶಕನು ಲಿಖಿತ ಆಧಾರಗಳಲ್ಲಿ ಏಕೆ ಇಷ್ಟು ಮಸುಕಾಗಿ ಕಾಣುತ್ತಾನೆ ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಯೇ ನಮಗೆ ಮುಖ್ಯವಾದುದು. ಮೊದಲನೆಯದು ಅದಕ್ಕೆ ಪೀಠಿಕೆ.

ಹೊರಗಿನವರಿಗೆ ನಿಗೂಢವೆಂದು ತೋರಿದ ಹಿಮಾಲಯದ ಕಣಿವೆಗಳು ಅಲ್ಲಿಯ ಜನಕ್ಕೆ ಸಂತೆಯ ದಾರಿಗಳಾಗಿದ್ದುವು. ಕುಮಾವೂನಿನ ಜೋಹಾರ್ ಕಣಿವೆಯನ್ನೇ ನೋಡಬಹುದು. ಸುಮಾರು 11,000 ಅಡಿ ಎತ್ತರದ ಮಿಲಂ ಗ್ರಾಮದಿಂದ ಹೊರಟ ಭೋಟಿಯಾ ವರ್ತಕರು 17,000 ಅಡಿಗೂ ಮಿಗಿಲಾದ ಊಂಟಾಧುರಾ ಮೊದಲಾದ ಘಟ್ಟಗಳನ್ನು ಪ್ರತಿ ಬೇಸಗೆಯಲ್ಲಿಯೂ ದಾಟಿ ಟಿಬೆಟ್ಟಿಗೆ ಹೋಗುತ್ತಿದ್ದರು. ಧಾನ್ಯ, ಬೆಲ್ಲ, ಬಟ್ಟೆಗಳನ್ನು ಕೊಟ್ಟು ಉಪ್ಪು, ಬಿಳಿಗಾರ, ಉಣ್ಣೆಗಳನ್ನು ತರುತ್ತಿದ್ದರು. ಕುರಿ ಮೇಕೆಗಳ ಬೆನ್ನಿನ ಮೇಲೆ ಚಿಕ್ಕ ಚಿಕ್ಕ ಚೀಲಗಳಲ್ಲಿ ಸರಕು ಸಾಗುತ್ತಿತ್ತು. ಪ್ರತಿಯೊಂದು ಮನೆತನಕ್ಕೂ ಟಿಬೆಟ್ಟಿನಲ್ಲಿ ಗೊತ್ತಾದ ‘ಮಿತ್ರ’ನೊಬ್ಬನಿದ್ದು, ಆ ಸಂಬಂಧವು ತಂದೆಯಿಂದ ಮಗನಿಗೆ ಇಳಿದು ಬರುತ್ತಿತ್ತು. ಯಾವ ವಾರದಲ್ಲಿ ಹಿಮ ಸಡಿಲವಾಗುತ್ತದೆ, ಯಾವ ತೊರೆಯನ್ನು ಮುಂಜಾನೆಯೇ ದಾಟಬೇಕು, ಯಾವ ತಾಣದಲ್ಲಿ ಮೇವು ದೊರೆಯುತ್ತದೆ ಎಂಬ ತಿಳಿವಳಿಕೆಯು ವ್ಯಾಪಾರದ ಬಂಡವಾಳದ ಒಂದು ಭಾಗವೇ ಆಗಿತ್ತು. ಅದನ್ನು ಬರೆದಿಡುವ ಅಗತ್ಯವಾಗಲಿ, ಬರೆದಿಡುವುದರಿಂದ ಲಾಭವಾಗಲಿ ಯಾರಿಗೂ ಇರಲಿಲ್ಲ.

ವರ್ತಕನ ದಾರಿಯ ಜೊತೆಯಲ್ಲಿಯೇ ಯಾತ್ರಿಕನ ದಾರಿಯೂ ಇತ್ತು. ಬದರಿ ಕೇದಾರಗಳ ಯಾತ್ರೆ ನಮ್ಮ ನಾಡಿನವರಿಗೆ ಅಪರಿಚಿತವಾದುದಲ್ಲ. ಕೇದಾರದ ರಾವಲರು ಕರ್ನಾಟಕದ ವೀರಶೈವ ಪರಂಪರೆಗೆ ಸೇರಿದವರು. ಮೋಟಾರು ರಸ್ತೆಗಳು ಬರುವುದಕ್ಕೆ ಮುಂಚೆ ಈ ಯಾತ್ರಾಮಾರ್ಗದಲ್ಲಿ ಕೆಲಕೆಲವು ಮೈಲಿಗಳಿಗೊಂದರಂತೆ ‘ಚಟ್ಟಿ’ಗಳೆಂಬ ತಂಗುದಾಣಗಳಿದ್ದುವು. ಚಟ್ಟಿಯವನು ತಂಗುವುದಕ್ಕೆ ಬಾಡಿಗೆ ಕೇಳುತ್ತಿರಲಿಲ್ಲ. ಅಕ್ಕಿ, ಬೇಳೆ, ತುಪ್ಪಗಳನ್ನು ತನ್ನ ಅಂಗಡಿಯಲ್ಲಿಯೇ ಕೊಳ್ಳಬೇಕೆಂಬುದೊಂದೇ ನಿಯಮ. ಇಂದು ನೇಪಾಳದ ಚಾರಣಮಾರ್ಗಗಳಲ್ಲಿರುವ ವಸತಿಗೃಹಗಳಲ್ಲಿ ಕೊಠಡಿಗೆ ಅತ್ಯಲ್ಪ ಬಾಡಿಗೆ ಪಡೆದು, ರಾತ್ರಿಯೂಟವನ್ನು ಅಲ್ಲಿಯೇ ಮಾಡಬೇಕೆಂದು ವಿಧಿಸುವ ಪದ್ಧತಿಯುಂಟು. ಒಂದರಿಂದ ಮತ್ತೊಂದು ಹುಟ್ಟಿತೆಂದು ನಾವು ಹೇಳುವುದಿಲ್ಲ. ಹೊರೆಯಾಳಿನ ಬೆನ್ನಮೇಲೆ ಧಾನ್ಯ ಬರಬೇಕಾದ ಕಡೆಗಳಲ್ಲಿ ಲಾಭವಿರುವುದು ಅಡಿಗೆಯಲ್ಲಿಯೇ ಹೊರತು ಹಾಸಿಗೆಯಲ್ಲಲ್ಲ ಎಂಬ ಲೆಕ್ಕವನ್ನು ಎರಡು ಕಡೆಯವರೂ ಬೇರೆ ಬೇರೆಯಾಗಿಯೇ ಕಂಡುಕೊಂಡಿರಬೇಕು.

ಮಾರ್ಗಜ್ಞಾನವು ಮೊದಲು ಕಾಗದದ ಮೇಲೆ ಬಂದುದು ಭೂಮಾಪನ ಇಲಾಖೆಯ ಮೂಲಕ. ಶ್ರೀರಂಗಪಟ್ಟಣದ ಪತನದ (1799) ತರುವಾಯ, ಆ ಯುದ್ಧದಲ್ಲಿ ಭಾಗವಹಿಸಿದ್ದ ಲ್ಯಾಂಬ್ಟನ್ ಎಂಬ ಅಧಿಕಾರಿಯು ದಕ್ಷಿಣದಲ್ಲಿ ಆರಂಭಿಸಿದ ಮಹಾ ತ್ರಿಕೋನಮಾಪನವು ಅರ್ಧಶತಮಾನದೊಳಗೆ ಹಿಮಾಲಯದ ಬುಡವನ್ನು ಮುಟ್ಟಿತು. ಅದರಾಚೆಗೆ ಟಿಬೆಟ್ಟಿನೊಳಗೆ ಯೂರೋಪಿಯನ್ನರಿಗೆ ಪ್ರವೇಶವಿರಲಿಲ್ಲ. ಆಗ ಇಲಾಖೆಯ ಕ್ಯಾಪ್ಟನ್ ಮಾಂಟ್ಗಮರಿಯು ಗಡಿಯ ಜನರನ್ನೇ ಶಿಕ್ಷಣಕೊಟ್ಟು ಕಳುಹಿಸುವ ಉಪಾಯವನ್ನು ಹೂಡಿದನು. ಮಿಲಂ ಗ್ರಾಮದ ನೈನ್ ಸಿಂಗ್ ರಾವತನು (ಜನನ 1830) ಹೀಗೆ ಆಯ್ಕೆಯಾದವನು. ಅವನು ಅದಕ್ಕೆ ಮುಂಚೆಯೇ, 1855-57ರಲ್ಲಿ, ಜರ್ಮನಿಯ ಶ್ಲಾಗಿನ್ಟ್‌ವೈಟ್ ಸಹೋದರರ ಜೊತೆಯಲ್ಲಿ ಸಂಚರಿಸಿದ್ದನು. ಡೆಹರಾಡೂನಿನಲ್ಲಿ ತರಬೇತು ಪಡೆದು, 1865ರಲ್ಲಿ ನೇಪಾಳದ ಮೂಲಕ ಟಿಬೆಟ್ಟನ್ನು ಹೊಕ್ಕು, 1866ರ ಜನವರಿಯಲ್ಲಿ ಲ್ಹಾಸಾ ನಗರವನ್ನು ಸೇರಿದನು. 108 ಮಣಿಗಳಿಗೆ ಬದಲಾಗಿ 100 ಮಣಿಗಳಿದ್ದ ಜಪಮಾಲೆಯಲ್ಲಿ ಹೆಜ್ಜೆಗಳನ್ನು ಎಣಿಸುತ್ತ, ಪ್ರಾರ್ಥನಾಚಕ್ರದೊಳಗೆ ಟಿಪ್ಪಣಿಗಳನ್ನು ಅಡಗಿಸುತ್ತ, ನೀರು ಕುದಿಯುವ ಉಷ್ಣತೆಯಿಂದ ಎತ್ತರವನ್ನು ಅಳೆಯುತ್ತ ಅವನು ನಡೆದ ಕಥೆ ಪ್ರಸಿದ್ಧವಾದುದೇ ಆಗಿದೆ.

ಅಷ್ಟು ಪ್ರಸಿದ್ಧವಲ್ಲದ ಸಂಗತಿಯೆಂದರೆ ಆ ಪ್ರಯಾಣದ ವರದಿ ಮೊದಲು ಪ್ರಕಟವಾದಾಗ ಅದರಲ್ಲಿ ಅವನ ಹೆಸರಿರಲಿಲ್ಲ ಎಂಬುದು. ಅವನು ಬರಿಯ ‘ಪಂಡಿತ’. ಅವನ ಬಂಧು ಕಿಷನ್ ಸಿಂಗನು ‘ಎ. ಕೆ.’; ಸಿಕ್ಕಿಮಿನ ಕಿಂಥುಪನು ‘ಕೆ. ಪಿ.’ ಇಲ್ಲಿ ನಾವು ನ್ಯಾಯವಾಗಿ ನಡೆದುಕೊಳ್ಳಬೇಕು. ಹೆಸರನ್ನು ಮರೆಮಾಡಿದ್ದು ಕೇವಲ ತಾತ್ಸಾರದಿಂದಲ್ಲ. ಹೆಸರು ಹೊರಬಿದ್ದಿದ್ದರೆ ಅವರಿಗೂ ಅವರಿಗೆ ಆಶ್ರಯಕೊಟ್ಟವರಿಗೂ ಪ್ರಾಣಾಪಾಯವಿತ್ತು. ಲೇಹ್‌ನಿಂದ ಲ್ಹಾಸಾ ಮಾರ್ಗವಾಗಿ ಅಸ್ಸಾಮಿಗೆ ಬಂದ ಕೊನೆಯ ದೊಡ್ಡ ಪ್ರಯಾಣದ (1874-75) ಅನಂತರ, 1877ರಲ್ಲಿ, ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯು ನೈನ್ ಸಿಂಗನಿಗೆ ಸುವರ್ಣಪದಕವನ್ನು ಕೊಟ್ಟು ಗೌರವಿಸಿತು. ಅದಕ್ಕಿಂತಲೂ ಸಂಶೋಧಕರಿಗೆ ಬೆಲೆಯುಳ್ಳದ್ದು ಅವನು ಹಿಂದಿಯಲ್ಲಿ ತಾನೇ ಬರೆದಿಟ್ಟ ದಿನಚರಿ. ಶೇಖರ ಪಾಠಕ್ ಮತ್ತು ಉಮಾ ಭಟ್ಟರು ‘ಏಶಿಯಾ ಕೀ ಪೀಠ್ ಪರ್’ ಎಂಬ ಗ್ರಂಥದ ಮೂಲಕ 2006ರಲ್ಲಿ ಅವನ ಜೀವನವನ್ನೂ ಬರಹಗಳನ್ನೂ ಓದುಗರ ಮುಂದಿಟ್ಟಿದ್ದಾರೆ. ಇಲಾಖೆಯ ವರದಿಯನ್ನು ಮಾತ್ರ ಓದಿದವರಿಗೆ ನೈನ್ ಸಿಂಗನು ನಡೆಯುವ ಒಂದು ಉಪಕರಣವೆಂದು ತೋರಿದರೆ ಆಶ್ಚರ್ಯವಿಲ್ಲ.

ಕಿಂಥುಪನಿಗೆ ಅಕ್ಷರಜ್ಞಾನವಿರಲಿಲ್ಲ. ತ್ಸಾಂಗ್‌ಪೋ ನದಿಯೇ ಬ್ರಹ್ಮಪುತ್ರವೆಂಬುದನ್ನು ನಿರ್ಧರಿಸಲು 1880ರಲ್ಲಿ ಒಬ್ಬ ಲಾಮನ ಜೊತೆಗೆ ಅವನನ್ನು ಕಳುಹಿಸಲಾಯಿತು. ಆ ಲಾಮನು ಅವನನ್ನು ದಾಸನನ್ನಾಗಿ ಮಾರಿಬಿಟ್ಟನು. ಕಿಂಥುಪನು ತಪ್ಪಿಸಿಕೊಂಡು, ಯಾರೂ ಒತ್ತಾಯಪಡಿಸದಿದ್ದರೂ, ಗುರುತು ಹಾಕಿದ 500 ಮರದ ತುಂಡುಗಳನ್ನು ದಿನಕ್ಕೆ 50ರಂತೆ ನದಿಗೆ ಬಿಟ್ಟನು. ಅವನು ಕಳುಹಿಸಿದ ಕಾಗದವು ಸಕಾಲಕ್ಕೆ ತಲಪದುದರಿಂದ ಕೆಳಗಡೆ ಅವುಗಳಿಗಾಗಿ ಕಾಯುತ್ತಿದ್ದವರೇ ಇರಲಿಲ್ಲ. ನಾಲ್ಕು ವರ್ಷಗಳ ಮೇಲೆ ಹಿಂದಿರುಗಿ ಅವನು ಬಾಯಿಂದ ಹೇಳಿದ ವಿವರಗಳನ್ನು ಮತ್ತೊಬ್ಬರು ಬರೆದುಕೊಂಡರು. ಅನೇಕರು ನಂಬಲೂ ಇಲ್ಲ. 1913ರಲ್ಲಿ ಬೇಲಿ ಮತ್ತು ಮೋರ್ಸ್‌ಹೆಡ್ ಎಂಬ ಅಧಿಕಾರಿಗಳು ಆ ಪ್ರದೇಶದಲ್ಲಿ ಸಂಚರಿಸಿದ ಬಳಿಕವೇ ಅವನು ಹೇಳಿದ್ದರಲ್ಲಿ ಬಹುಭಾಗ ನಿಜವೆಂದು ಗೊತ್ತಾದುದು. ದಾರಿ ಕಂಡವನು ಒಬ್ಬ, ಬರೆದವನು ಮತ್ತೊಬ್ಬ, ಪ್ರಮಾಣೀಕರಿಸಿದವನು ಮೂರನೆಯವನು ಎಂಬ ಈ ಕ್ರಮವನ್ನು ಮುಂದಿನ ಕಾಲದಲ್ಲಿಯೂ ಕಾಣುತ್ತೇವೆ.

ಚಾರಣದ ಮೂರನೆಯ ಮೂಲವು ಡಾರ್ಜಿಲಿಂಗಿನಲ್ಲಿದೆ. ಪೂರ್ವ ನೇಪಾಳದ ಸೋಲುಖುಂಬು ಪ್ರಾಂತದ ಶೆರ್ಪಾ ಜನರು ಕೂಲಿಯನ್ನು ಅರಸಿಕೊಂಡು ಈ ಗಿರಿನಗರಕ್ಕೆ ಬಂದು ನೆಲಸಿದ್ದರು. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಕೆಲ್ಲಾಸನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಿಕ್ಕಿಮಿನ ಶಿಖರಗಳಿಗೆ ಹೋಗುವಾಗ ಇವರನ್ನೇ ಜೊತೆಗಾರರನ್ನಾಗಿ ಮಾಡಿಕೊಂಡು, ಇವರ ಯೋಗ್ಯತೆಯನ್ನು ಎಲ್ಲರಿಗೂ ತಿಳಿಯಪಡಿಸಿದನು. 1921ರಿಂದ ಎವರೆಸ್ಟ್ ತಂಡಗಳು ಇಲ್ಲಿಂದಲೇ ಆಳುಗಳನ್ನು ಕೊಂಡೊಯ್ಯತೊಡಗಿದುವು. ಸರದಾರ, ಅಡಿಗೆಯವರು, ಎತ್ತರದ ಹೊರೆಯಾಳುಗಳು, ಕೆಳಗಿನ ಹೊರೆಯಾಳುಗಳು ಎಂಬ ಶ್ರೇಣಿಯು ಈ ತಂಡಗಳಲ್ಲಿ ರೂಪುಗೊಂಡಿತು. 1928ರಲ್ಲಿ ಸ್ಥಾಪಿತವಾದ ಹಿಮಾಲಯನ್ ಕ್ಲಬ್ಬು ಡಾರ್ಜಿಲಿಂಗಿನ ಹೊರೆಯಾಳುಗಳ ಪಟ್ಟಿಯನ್ನಿಟ್ಟು, ಅವರಿಗೆ ಒಂದೊಂದು ಪುಸ್ತಕವನ್ನು ಕೊಟ್ಟಿತು. ತಂಡದ ಯಜಮಾನರು ಪ್ರವಾಸದ ಕೊನೆಯಲ್ಲಿ ಅದರಲ್ಲಿ ತಮ್ಮ ಅಭಿಪ್ರಾಯವನ್ನು ಬರೆಯುತ್ತಿದ್ದರು. 1930ರ ದಶಕದ ಕೊನೆಯಿಂದ ಶ್ರೇಷ್ಠರಾದವರಿಗೆ ‘ಟೈಗರ್’ ಬಿಲ್ಲೆಯನ್ನೂ ಕೊಡಲಾಯಿತು. ಇದೊಂದು ಉಪಯುಕ್ತವಾದ ಏರ್ಪಾಡು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಪುಸ್ತಕವನ್ನು ಬರೆದವನು ಕೆಲಸ ಕೊಟ್ಟವನೇ ಹೊರತು ಮಾಡಿದವನಲ್ಲ. ಅದರ ಭಾಷೆ ಅದನ್ನು ಎದೆಗವುಚಿಕೊಂಡು ಹೋಗುತ್ತಿದ್ದ ಬಹುಮಂದಿಗೆ ಓದಲು ಬರುತ್ತಿರಲಿಲ್ಲ. ತನ್ನನ್ನು ಕುರಿತ ಒಂದೇ ದಾಖಲೆಯನ್ನು ತಾನೇ ಓದಲಾರದ ಸ್ಥಿತಿಯನ್ನು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕು.

ಈ ಕಾಲದ ಪ್ರವಾಸಕಥನಗಳನ್ನು ಕ್ರಮವಾಗಿ ಓದಿದಾಗ ನಮಗೆ ಒಂದು ವಿಚಿತ್ರ ಸಂಗತಿ ಎದ್ದು ತೋರಿತು. ತಂಡದ ಸದಸ್ಯರು ಹೆಸರಿನಿಂದಲೂ ಹೊರೆಯಾಳುಗಳು ಸಂಖ್ಯೆಯಿಂದಲೂ ಉಲ್ಲೇಖಿತರಾಗುತ್ತಾರೆ. ಹೊರೆಯಾಳಿಗೆ ಹೆಸರು ಬರುವುದು ಬಹುಮಟ್ಟಿಗೆ ಅವನು ಸರದಾರನಾದಾಗ ಅಥವಾ ಸತ್ತಾಗ. 1922ರ ಜೂನ್ 7ರಂದು ಎವರೆಸ್ಟಿನ ಉತ್ತರದ ಇಳಿಜಾರಿನಲ್ಲಿ ಹಿಮಪಾತಕ್ಕೆ ಸಿಕ್ಕಿ ಏಳು ಮಂದಿ ಹೊರೆಯಾಳುಗಳು ಸತ್ತರು. ಆಂಗ್ಲರಲ್ಲಿ ಯಾರೂ ಸಾಯಲಿಲ್ಲ. ತಮ್ಮಲ್ಲಿ ಒಬ್ಬನಾದರೂ ಅವರ ಪಾಲನ್ನು ಹಂಚಿಕೊಳ್ಳದೆಹೋದೆವಲ್ಲಾ ಎಂಬ ಸಂಕಟವನ್ನು ತಂಡದ ಸದಸ್ಯನಾಗಿದ್ದ ವೈದ್ಯ ಸಾಮರ್ವೆಲ್ಲನು ಬರೆದಿಟ್ಟಿದ್ದಾನೆ. ಈತನೇ ಮುಂದೆ ತಿರುವಾಂಕೂರಿನ ನೆಯ್ಯೂರಿನ ಆಸ್ಪತ್ರೆಯಲ್ಲಿ ಬಹುಕಾಲ ಸೇವೆ ಮಾಡಿದವನು. 1924ರಲ್ಲಿ ಮ್ಯಾಲರಿ, ಇರ್ವಿನ್ ಇಬ್ಬರೂ ಕಾಣೆಯಾದ ಮೇಲೆ ಬೀಡಿನ ಬಳಿ ಕಟ್ಟಿದ ಕಲ್ಲಿನ ಸ್ಮಾರಕದಲ್ಲಿ ಮೂರು ತಂಡಗಳ ಮೃತರನ್ನೂ ಒಟ್ಟಿಗೆ ಸ್ಮರಿಸಲಾಯಿತು. ಕೆಲ್ಲಾಸನ ಹೆಸರೂ, ಮ್ಯಾಲರಿಯ ಹೆಸರೂ, 1922ರ ಹೊರೆಯಾಳುಗಳ ಹೆಸರುಗಳೂ ಅಲ್ಲಿ ಒಂದೇ ಸಾಲಿಗೆ ಬಂದುವು. 1934ರಲ್ಲಿ ನಂಗಾ ಪರ್ಬತದ ಬಿರುಗಾಳಿಯಲ್ಲಿ ಮೂವರು ಜರ್ಮನರೂ ಆರು ಮಂದಿ ಶೆರ್ಪಾಗಳೂ ಮಡಿದರು. ನಾಯಕ ಮೆರ್ಕ್ಲನನ್ನು ಬಿಟ್ಟು ಇಳಿಯಲೊಲ್ಲದೆ ಅವನ ಬಳಿಯೇ ಉಳಿದ ಗೈಲೇ ಎಂಬಾತನ ಹೆಸರನ್ನು ಪರ್ವತಾರೋಹಣದ ಗ್ರಂಥಗಳೆಲ್ಲ ಹೇಳುತ್ತವೆ. ಅವನು ಬದುಕಿ ಇಳಿದುಬಂದಿದ್ದರೆ ಹೇಳುತ್ತಿದ್ದುವೇ ಎಂದು ಕೇಳುವುದು ಅಪ್ರಸ್ತುತವಾಗಲಾರದು.

ಇದಕ್ಕೆ ಅಪವಾದಗಳೂ ಇವೆ. 1934ರಲ್ಲಿಯೇ ಶಿಪ್ಟನ್, ಟಿಲ್ಮನ್ ಇಬ್ಬರೂ ಮೂವರೇ ಶೆರ್ಪಾಗಳೊಡನೆ ಋಷಿಗಂಗೆಯ ಕಮರಿಯ ಮೂಲಕ ನಂದಾದೇವಿಯ ಒಳಾವರಣವನ್ನು ಹೊಕ್ಕರು. ಈ ಪುಟ್ಟ ತಂಡದಲ್ಲಿ ಹೊರೆಯನ್ನು ಎಲ್ಲರೂ ಹೊತ್ತರು, ಊಟವನ್ನು ಎಲ್ಲರೂ ಹಂಚಿಕೊಂಡರು. ಆದುದರಿಂದಲೇ ಅಂಗ್ ಥರ್ಕೆಯು ಅವರ ಬರಹಗಳಲ್ಲಿ ಒಬ್ಬ ಮನುಷ್ಯನಾಗಿ ಕಾಣುತ್ತಾನೆ. ಅವನು ಮುಂದೆ 1950ರ ಫ್ರೆಂಚ್ ಅನ್ನಪೂರ್ಣಾ ತಂಡದ ಸರದಾರನಾದನು. 1954ರಲ್ಲಿ ಅವನ ಆತ್ಮಕಥೆಯು ಫ್ರೆಂಚ್ ಭಾಷೆಯಲ್ಲಿ ಪ್ರಕಟವಾಯಿತು. ಮರುವರ್ಷ ತೇನ್ಸಿಂಗ್ ನೋರ್ಗೆಯ ಆತ್ಮಕಥೆಯೂ ಹೊರಬಂದಿತು. ಎರಡೂ ಬೇರೆಯವರ ಲೇಖನಿಯಿಂದ ಬಂದ ಗ್ರಂಥಗಳೇ ಆದರೂ, ಅಲ್ಲಿ ಪ್ರವಾಸವು ಇನ್ನೊಂದು ಬದಿಯಿಂದ ಕಾಣುತ್ತದೆ. 1953ರಲ್ಲಿ ಎವರೆಸ್ಟ್ ತಂಡವು ಕಠ್ಮಂಡುವಿನಲ್ಲಿ ಸೇರಿದಾಗ ಆಂಗ್ಲ ಸದಸ್ಯರಿಗೆ ರಾಯಭಾರ ಕಚೇರಿಯಲ್ಲಿ ಕೊಠಡಿಗಳೂ ಶೆರ್ಪಾಗಳಿಗೆ ಶೌಚಗೃಹವೂ ಇಲ್ಲದ ಗ್ಯಾರೇಜೂ ದೊರೆತುವು. ಶೆರ್ಪಾಗಳು ಮರುದಿನ ಬೆಳಿಗ್ಗೆ ಗ್ಯಾರೇಜಿನ ಮುಂದಿನ ರಸ್ತೆಯಲ್ಲಿಯೇ ಮೂತ್ರವಿಸರ್ಜನೆ ಮಾಡಿ ತಮ್ಮ ಅಸಮಾಧಾನವನ್ನು ತೋರಿದರು. ಇದನ್ನು ವಿನೋದವೆಂದು ತಳ್ಳಿಹಾಕುವವರುಂಟು. ನಾವು ಅದನ್ನು ಒಂದು ದಾಖಲೆಯೆಂದೇ ಪರಿಗಣಿಸುತ್ತೇವೆ.

ಹೀಗೆ ವರ್ತಕನ ಮಾರ್ಗಜ್ಞಾನ, ದಾರಿಬದಿಯ ಅನ್ನಸತ್ರ, ಆರೋಹಣ ತಂಡದ ಶ್ರೇಣಿ ಈ ಮೂರೂ ರಾಬರ್ಟ್ಸನಿಗೆ ಮೊದಲೇ ಸಿದ್ಧವಾಗಿದ್ದುವು. ಅವನಿಗೂ ಇದು ತಿಳಿಯದ ವಿಷಯವಲ್ಲ. 1953ರಲ್ಲಿ ಎವರೆಸ್ಟ್ ತಂಡಕ್ಕೆ ಆಮ್ಲಜನಕದ ಸಾಮಗ್ರಿಯನ್ನು ಸಾಗಿಸಿದವನೂ, 1963ರ ಅಮೆರಿಕನ್ ತಂಡದ ಸಾಗಾಣಿಕೆಯನ್ನು ವಹಿಸಿಕೊಂಡವನೂ ಅವನೇ. ಶಿಖರವನ್ನು ಬಿಟ್ಟು ಉಳಿದುದೆಲ್ಲವನ್ನೂ ಪ್ರವಾಸಿಗೆ ಒದಗಿಸಬಹುದೆಂದು ಕಂಡುಕೊಂಡದ್ದು ಅವನ ಪ್ರತಿಭೆ. ಹಾಗಾದರೆ ಅದು 1964ರಲ್ಲಿಯೇ ಏಕೆ ಕೈಗೂಡಿತು? ರಾಣಾ ಆಳಿಕೆಯ ಕೊನೆಗಾಲದಲ್ಲಿ ನೇಪಾಳದ ಬಾಗಿಲು ಸ್ವಲ್ಪ ತೆರೆದು, 1950ರಲ್ಲಿ ಟಿಲ್ಮನ್ ಮತ್ತು ಹೂಸ್ಟನ್ನರ ಪುಟ್ಟ ತಂಡವು ಖುಂಬು ಪ್ರಾಂತಕ್ಕೆ ಹೋಗಿಬಂದಿತ್ತು. ಆದರೆ ನಿರ್ಣಾಯಕವಾದುದು ಬಾಗಿಲು ತೆರೆದುದಲ್ಲ, ಮತ್ತೊಂದು ಬಾಗಿಲು ಮುಚ್ಚಿದುದು ಎಂದು ನಮ್ಮ ಅಭಿಪ್ರಾಯ. 1959ರ ಟಿಬೆಟ್ಟಿನ ಘಟನೆಗಳ ತರುವಾಯ ನಂಗ್ಪಾ ಲಾ ಘಟ್ಟದ ಮೇಲಣ ಹಳೆಯ ವ್ಯಾಪಾರ ಕುಸಿಯಿತು. ಗಡಿಯ ರಾಜಕೀಯದ ದೆಸೆಯಿಂದ 1965ರಿಂದ ಕೆಲವು ವರ್ಷ ನೇಪಾಳ ಸರ್ಕಾರವು ಆರೋಹಣ ತಂಡಗಳನ್ನೂ ನಿಷೇಧಿಸಿತು. ವ್ಯಾಪಾರವೂ ಇಲ್ಲದೆ ಆರೋಹಣದ ಕೂಲಿಯೂ ಇಲ್ಲದೆ ಉಳಿದ ಒಂದು ಸಮರ್ಥ ಜನಾಂಗಕ್ಕೆ ಚಾರಣವು ಜೀವನೋಪಾಯವಾಯಿತು.

ಈ ಕಾರಣವು ಸಾಲದೆಂಬುದನ್ನು ಜೋಹಾರ್ ಕಣಿವೆಯ ಉದಾಹರಣೆ ತೋರಿಸುತ್ತದೆ. 1962ರ ಯುದ್ಧದಿಂದ ಅಲ್ಲಿಯ ವ್ಯಾಪಾರವೂ ನಿಂತಿತು. ಅಲ್ಲಿಯವರ ಮಾರ್ಗಜ್ಞಾನ ಶೆರ್ಪಾಗಳಿಗಿಂತ ಕಡಮೆಯದಾಗಿರಲಿಲ್ಲ. ಆದರೂ ಅಲ್ಲಿ ಚಾರಣದ ಉದ್ಯಮ ಆಗ ಹುಟ್ಟಲಿಲ್ಲ. ಆ ಪ್ರದೇಶವು ಸೈನ್ಯದ ಮೇಲ್ವಿಚಾರಣೆಗೆ ಒಳಪಟ್ಟ ಗಡಿಯಾಗಿ, ಹೊರಗಿನವರಿಗೆ ಮುಚ್ಚಿಹೋಯಿತು. 1967ರಲ್ಲಿ ಭೋಟಿಯಾ ಜನರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಅನೇಕರು ವಿದ್ಯಾಭ್ಯಾಸ ಪಡೆದು ಸರ್ಕಾರಿ ನೌಕರಿಗೆ ಸೇರಿದರು. ಮಿಲಂ ಗ್ರಾಮದ ಕಲ್ಲುಮನೆಗಳಲ್ಲಿ ಹೆಚ್ಚಿನವು ಪಾಳುಬಿದ್ದುವು. ದಾರಿಯು ಚಾರಣಿಗರಿಗೆ ಮತ್ತೆ ತೆರೆಯುವ ವೇಳೆಗೆ ಅದನ್ನು ವರ್ತಕರಾಗಿ ನಡೆದಿದ್ದ ತಲೆಮಾರು ಕಳೆಯುತ್ತ ಬಂದಿತ್ತು.

ಇನ್ನು ಮಾರ್ಗದರ್ಶಕನ ಅರಿವಿನ ಸ್ವರೂಪವನ್ನು ಸ್ವಲ್ಪ ನೋಡೋಣ. ದಾರಿ ತಪ್ಪದಂತೆ ಕರೆದೊಯ್ಯುವುದು ಅದರಲ್ಲಿ ಚಿಕ್ಕ ಭಾಗ. ನಿಜವಾಗಿ ಬೇಕಾದುದು ನಡಿಗೆಯ ವೇಗವನ್ನು ತಡೆಯುವ ವಿವೇಕ. 1953ರ ತಂಡವು ಕಠ್ಮಂಡುವಿನ ಕಣಿವೆಯಿಂದ ತೆಂಗ್‌ಬೋಚೆ ವಿಹಾರಕ್ಕೆ ನಡೆದು ಸೇರಲು ಸುಮಾರು 17 ದಿನ ಹಿಡಿಯಿತು. ಆ ದೀರ್ಘ ನಡಿಗೆಯೇ ದೇಹವನ್ನು ಎತ್ತರಕ್ಕೆ ಒಗ್ಗಿಸುತ್ತಿತ್ತು. ಹಿಲರಿಯು ಖುಂಬುವಿನಲ್ಲಿ ಆಸ್ಪತ್ರೆಯನ್ನು ಕಟ್ಟುವುದಕ್ಕೆ ಸಾಮಗ್ರಿ ತರಲೆಂದು 1964ರಲ್ಲಿ ಲುಕ್ಲಾ ಎಂಬಲ್ಲಿ ವಿಮಾನದ ನೆಲೆಯನ್ನು ಮಾಡಿಸಿದನು. ಪ್ರವಾಸಿಗಳು ಅದನ್ನೇ ಬಳಸತೊಡಗಿದಾಗ ಎರಡು ವಾರಗಳ ನಡಿಗೆ ಒಂದು ಗಂಟೆಗೂ ಕಡಮೆಯಾದ ಹಾರಾಟವಾಗಿ, 9,300 ಅಡಿಯ ಎತ್ತರದಲ್ಲಿ ಒಗ್ಗದ ದೇಹಗಳು ಇಳಿಯತೊಡಗಿದುವು. ಶ್ವಾಸಕೋಶದಲ್ಲಿಯೂ ಮಿದುಳಿನಲ್ಲಿಯೂ ನೀರು ತುಂಬುವ ಎತ್ತರದ ಕಾಯಿಲೆಯು ಚಾರಣದ ದೊಡ್ಡ ಅಪಾಯವಾಯಿತು. ಶ್ವಾಸಕೋಶದ ವ್ಯಾಧಿಯನ್ನು ಕುರಿತು 1960ರಲ್ಲಿ ಮುಖ್ಯವಾದ ಲೇಖನವನ್ನು ಬರೆದವನು ಮೇಲೆ ಹೇಳಿದ ಹೂಸ್ಟನ್ನನೇ. 1973ರಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಸ್ಥಾಪಿತವಾಗಿ ಫೆರಿಚೆಯಲ್ಲಿ ಚಿಕಿತ್ಸಾಕೇಂದ್ರವನ್ನು ತೆರೆಯಿತು. 10,000 ಅಡಿಯ ಮೇಲೆ ಮಲಗುವ ತಾಣದ ಎತ್ತರವನ್ನು ದಿನಕ್ಕೆ ಸುಮಾರು 1,600 ಅಡಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ನಿಲ್ಲಬೇಕು ಎಂದು ವೈದ್ಯರು ಈಗ ವಿಧಿಸುತ್ತಾರೆ. ನಾಮ್ಚೆ ಬಜಾರಿನಲ್ಲಿ ಒಂದು ದಿನ ಹೆಚ್ಚಾಗಿ ತಂಗಬೇಕೆಂದು ಸರದಾರನು ಹಟ ಹಿಡಿಯುವುದು ಈ ನಿಯಮದ ಆಚರಣೆಯೇ. ಹಣ ಕೊಟ್ಟ ಪ್ರವಾಸಿಗೆ ‘ಇಂದು ಮುಂದಕ್ಕೆ ಹೋಗಕೂಡದು’ ಎನ್ನಬಲ್ಲವನೇ ಮಾರ್ಗದರ್ಶಕ. ಹಾಗೆನ್ನುವ ಅಧಿಕಾರವು ಕೂಲಿಯಾಳಿಗೆ ಬರುವುದಿಲ್ಲ. ಆದುದರಿಂದ ಅವನ ಅಂತಸ್ತಿನ ಪ್ರಶ್ನೆಯು ಕೇವಲ ಮರ್ಯಾದೆಯ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

2014ರ ಎರಡು ದುರಂತಗಳು ಇದನ್ನು ಬೇರೆ ಬೇರೆ ಬಗೆಯಲ್ಲಿ ತೋರಿಸಿದುವು. ಏಪ್ರಿಲ್ 18ರಂದು ಖುಂಬು ಹಿಮಪ್ರವಾಹದಲ್ಲಿ 16 ಮಂದಿ ನೇಪಾಳಿ ಕೆಲಸಗಾರರು ಸತ್ತರು. ಸರ್ಕಾರವು ಮೊದಲು ಪ್ರಕಟಿಸಿದ ಪರಿಹಾರ ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ. ಶೆರ್ಪಾಗಳು ಕೆರಳಿ, ಆ ಋತುವಿನ ಆರೋಹಣವೇ ನಿಂತಿತು. ಅಕ್ಟೋಬರಿನಲ್ಲಿ ಅನ್ನಪೂರ್ಣಾ ಸುತ್ತಿನ ಥೊರೊಂಗ್ ಲಾ ಮತ್ತು ಆಸುಪಾಸಿನ ಪ್ರದೇಶಗಳಲ್ಲಿ ಹುದ್‌ಹುದ್ ಚಂಡಮಾರುತದ ಶೇಷದಿಂದ ಎದ್ದ ಹಿಮಬಿರುಗಾಳಿಗೆ 40ಕ್ಕೂ ಹೆಚ್ಚು ಮಂದಿ ಬಲಿಯಾದರು. ಅವರಲ್ಲಿ ಚಾರಣಿಗರೂ ಇದ್ದರು, ಮಾರ್ಗದರ್ಶಕರೂ ಹೊರೆಯಾಳುಗಳೂ ಇದ್ದರು. 2023ರ ಏಪ್ರಿಲ್ 1ರಿಂದ, ಪರವಾನಗಿ ಪಡೆದ ಮಾರ್ಗದರ್ಶಕನಿಲ್ಲದೆ ವಿದೇಶೀ ಚಾರಣಿಗರು ಒಂಟಿಯಾಗಿ ಸಂಚರಿಸಕೂಡದೆಂದು ನೇಪಾಳವು ನಿಯಮ ಮಾಡಿತು. ಪ್ರವಾಸಿಯ ಸ್ವಾತಂತ್ರ್ಯಕ್ಕೆ ಇದು ಅಡ್ಡಿಯೆಂದು ಆಕ್ಷೇಪಿಸಿದವರು ಹಲವರು. ಇತಿಹಾಸದ ದೃಷ್ಟಿಯಿಂದ ನೋಡಿದರೆ, ಶ್ಲಾಗಿನ್ಟ್‌ವೈಟ್ ಸಹೋದರರ ಕಾಲದಿಂದಲೂ ವಾಸ್ತವವಾಗಿದ್ದ ಅವಲಂಬನೆಯನ್ನೇ ಕಾನೂನು ಮೊದಲ ಬಾರಿಗೆ ಬರೆದು ಹೇಳಿತು ಎನ್ನಬೇಕು.

ಈ ವಿಷಯದಲ್ಲಿ ಮುಂದೆ ಕೆಲಸ ಮಾಡಬೇಕೆಂದಿರುವವರಿಗೆ ಆಧಾರಗಳ ಬಗ್ಗೆ ಒಂದೆರಡು ಮಾತು. ಪ್ರವಾಸಕಥನಗಳ ಅನುಬಂಧಗಳಲ್ಲಿರುವ ಖರ್ಚಿನ ಪಟ್ಟಿಗಳನ್ನೂ ಕೂಲಿಯ ದರಗಳನ್ನೂ ಬಿಡದೆ ನೋಡಬೇಕು; ಕಥನದ ಮೈಯಲ್ಲಿ ಇಲ್ಲದ ಜನರು ಅಲ್ಲಿರುತ್ತಾರೆ. ಛಾಯಾಚಿತ್ರಗಳ ಕೆಳಗಿನ ಬರಹವನ್ನು ಮಾತ್ರ ಓದದೆ ಚಿತ್ರದಲ್ಲಿರುವವರನ್ನು ಎಣಿಸಬೇಕು. ಹಿಮಾಲಯನ್ ಕ್ಲಬ್ಬಿನ ಪುಸ್ತಕಗಳಲ್ಲಿ ಕೆಲವು ಇಂದಿಗೂ ಡಾರ್ಜಿಲಿಂಗಿನ ಮನೆಗಳಲ್ಲಿ ಉಳಿದಿರುವ ಸಂಭವವುಂಟು. ಎಲ್ಲಕ್ಕಿಂತಲೂ ಅವಸರದ ಕೆಲಸವೆಂದರೆ ಬಾಯ್ದೆರೆಯ ವೃತ್ತಾಂತಗಳ ಸಂಗ್ರಹ. 1965ರಲ್ಲಿ ಇಪ್ಪತ್ತು ವರ್ಷದ ಹೊರೆಯಾಳಾಗಿ ಹಣೆಗೆ ನಾಮ್ಲೋ ಪಟ್ಟಿಯನ್ನು ಹಾಕಿಕೊಂಡು, ಬೆನ್ನ ಮೇಲೆ ಡೋಕೋ ಬುಟ್ಟಿಯನ್ನು ಹೊತ್ತವನು ಬದುಕಿದ್ದರೆ ಈಗ ಎಂಬತ್ತನ್ನು ಮುಟ್ಟಿದ್ದಾನೆ.